ಫೋಟೋ ಬೇಡ, ಲದ್ದಿ ಹಾಕಿತಾ ಹೇಳಿ

(ಮೈಸೂರಿನಲ್ಲಿ ಕುದುರೆ ಸಾಕುವವರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯದಲ್ಲಿ ಕೈಕೊಟ್ಟ ಮೈಕನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಟಾಂಗಾ ಓಡಿಸುವವರು ಇದ್ದೀರಿ. ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ಇದ್ದೀರಿ. ರೇಸಿನಿಂದ ಹೊರಬಿದ್ದ ಕುದುರೆ ಕೊಂಡು ತೋಟದಲ್ಲಿ ಸಾಕುತ್ತಿರುವ ಸಾಫ್ಟ್‌ವೇರ್ ಹುಡುಗರೂ ಒಂದಿಬ್ಬರು ಹಿಂದೆ ಕೂತಿದ್ದಾರೆ. ನಾನು ದನದ ಡಾಕ್ಟರು. ಬೋರ್ಡಿನಲ್ಲಿ ಪಶುವೈದ್ಯ ಅಂತಿದ್ದರೂ ಜನ ಕರೆಯುವುದು ಹಾಗೇ. ಮೂವತ್ತು ವರ್ಷದ ಕೆಲಸದಲ್ಲಿ ಹಸು, ಎಮ್ಮೆ ನೋಡಿದ್ದೇ ಜಾಸ್ತಿ. ಕುದುರೆ ನೋಡಿದ್ದು ಅವುಗಳ ನಡುವೆ ಬಿಡುವಾದಾಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಒಂದು ಮೆಸೇಜಿನಿಂದ ಶುರು ಮಾಡೋಣ. ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪಿಗೆ ಬಂತು. "ಕುದುರೆ ಮೇವು ತಿಂತಾ ಇಲ್ಲ. ಏನ್ ಕೊಡ್ಲಿ? ಅರ್ಜೆಂಟ್." ಜೊತೆಗೊಂದು ಫೋಟೋ. ಲಾಯದ ಬಲ್ಬಿನ ಬೆಳಕಲ್ಲಿ ಕುದುರೆಯ ಮುಖ. ಎಷ್ಟು ಚೆನ್ನಾಗಿತ್ತು ಅಂದರೆ, ಕ್ಯಾಲೆಂಡರಿಗೆ ಹಾಕಬಹುದಿತ್ತು. ಆದರೆ ಆ ಫೋಟೋ ನೋಡಿ ಕುದುರೆಗೆ ಏನಾಗಿದೆ ಅಂತ ಹೇಳಲು ನನ್ನಿಂದಾಗಲಿ, ದೇವರಿಂದಾಗಲಿ ಸಾಧ್ಯವಿರಲಿಲ್ಲ.

ಆ ಮೆಸೇಜು ನನಗೊಬ್ಬನಿಗೇ ಬಂದಿದ್ದಲ್ಲ. ಗೊತ್ತಿದ್ದವರಿಗೆಲ್ಲ ಹೋಗಿತ್ತು. ಉತ್ತರಗಳೂ ಬಂದಿದ್ದವು, ನನಗೂ ಕಳಿಸಿಕೊಟ್ಟರು. ಒಬ್ಬರು ಇಂಗು, ಓಮ ಕುದಿಸಿ ಕುಡಿಸಿ ಅಂದಿದ್ದರು. ಇನ್ನೊಬ್ಬರದು ಅಡುಗೆ ಸೋಡಾ. ಮತ್ತೊಬ್ಬರು, ಅರ್ಧ ಲೀಟರ್ ಎಣ್ಣೆ ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ಕೊಳವೆ) ಹಾಕಿ. ಇನ್ನೊಬ್ಬರು, ನಿಲ್ಲೋಕೇ ಬಿಡಬೇಡಿ, ಓಡಿಸ್ತಾನೇ ಇರಿ. ಕೊನೆಗೊಬ್ಬರು, ನೋವಿನ ಇಂಜೆಕ್ಷನ್ ನನ್ನ ಹತ್ರ ಇದೆ, ತಗೊಂಡು ಬರ್ಲಾ? ಎಲ್ಲರೂ ಒಳ್ಳೆಯವರೇ. ಆ ಹೊತ್ತಿನಲ್ಲಿ ಎದ್ದು ಉತ್ತರ ಕೊಟ್ಟಿದ್ದಾರೆ ಅಂದರೆ ಕುದುರೆ ಮೇಲೆ ಪ್ರೀತಿ ಇರುವವರೇ. ಆದರೆ ಒಬ್ಬರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ನಾನು ಫೋನ್ ಮಾಡಿದೆ. "ಲದ್ದಿ ಹಾಕಿತಾ?"

"ಹಾಕಿದೆ ಡಾಕ್ಟ್ರೇ, ಚೆನ್ನಾಗೇ ಹಾಕಿದೆ."

"ನೀರು?"

"ಸಾಯಂಕಾಲ ಬಕೆಟ್ ಖಾಲಿ ಮಾಡ್ತು."

"ಹುಲ್ಲನ್ನ ಬಾಯಿಗೇ ತಗೊಳ್ತಾ ಇಲ್ವಾ, ಇಲ್ಲಾ ತಗೊಂಡು ಬಿಡ್ತಾ ಇದೆಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಟಾರ್ಚು ತಗೊಂಡು ಹೋದರು ಅಂತ ಕಾಣುತ್ತದೆ. ಆಮೇಲೆ ಹೇಳಿದರು, "ಕೆಳಗಡೆ ಉಂಡೆ ಉಂಡೆ ಬಿದ್ದಿದೆ. ಅಗಿದು ಉಗುಳಿದ ಹಾಗೆ."

ಹೊಟ್ಟೆಯದಲ್ಲ, ಹಲ್ಲಿನದು. ಕುದುರೆಯ ಹಲ್ಲು ಸವೆಯುತ್ತಾ ಹೋದಂತೆ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ವರ್ಷಕ್ಕೆ 2–3 ಮಿಲಿಮೀಟರ್. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಹಾಗಾಗಿ ಮೇಲಿನ ದವಡೆಹಲ್ಲಿನ ಹೊರಗಿನ ಅಂಚು, ಕೆಳಗಿನದರ ಒಳಗಿನ ಅಂಚು ಸವೆಯದೆ ಕತ್ತಿಯ ಹಾಗೆ ಉಳಿಯುತ್ತವೆ. ಒಂದು ಕೆನ್ನೆ ಕೊಯ್ಯುತ್ತದೆ, ಇನ್ನೊಂದು ನಾಲಿಗೆ ಕೊಯ್ಯುತ್ತದೆ. ಹಸಿವಿದ್ದರೂ ನೋವಿಗೆ ಅಗಿಯಲಾಗದೆ ಉಂಡೆ ಮಾಡಿ ಉದುರಿಸುತ್ತದೆ. ಮಾರನೆಯ ದಿನ ಹೋಗಿ ಅರ ಹಾಕಿ ಉಜ್ಜಿದ್ದಾಯಿತು. ಎರಡು ದಿನದಲ್ಲಿ ಹುಲ್ಲು ತಿಂತು. ಈ ಕುದುರೆಗೆ ಗೊಟ್ಟದಲ್ಲಿ ಎಣ್ಣೆ ಹಾಕಿದ್ದರೆ ಏನಾಗುತ್ತಿತ್ತು?

ಗೊಟ್ಟದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಹಸುವಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸಿ ಕೈ ಪಳಗಿದವರಿದ್ದಾರೆ. ಅದೇ ಕೈ ಕುದುರೆಗೂ ಹೋಗುತ್ತದೆ. ತಲೆ ಮೇಲೆತ್ತಿ ಕಟ್ಟಿ ಎಣ್ಣೆ ಸುರಿದರೆ, ಅರ್ಧ ಹೊಟ್ಟೆಗೆ, ಅರ್ಧ ಶ್ವಾಸಕೋಶಕ್ಕೆ. ಮೂರನೇ ದಿನ ನ್ಯುಮೋನಿಯಾ. ಹೊಟ್ಟೆನೋವಿಗೆ ಡಾಕ್ಟರುಗಳೂ ಎಣ್ಣೆ ಕೊಡುತ್ತಾರಲ್ಲ ಅಂತ ಕೇಳುತ್ತಾರೆ. ಕೊಡುತ್ತೇವೆ, ಮೂಗಿನ ಮೂಲಕ ಕೊಳವೆ ಇಳಿಸಿ, ಅದು ಹೊಟ್ಟೆಗೇ ಹೋಗಿದೆ ಅಂತ ಖಾತ್ರಿ ಮಾಡಿಕೊಂಡು. ನೋಡುವವರಿಗೆ ಎಣ್ಣೆ ಕಾಣುತ್ತದೆ, ಖಾತ್ರಿ ಮಾಡಿಕೊಂಡದ್ದು ಕಾಣುವುದಿಲ್ಲ.

ಕುದುರೆ ದನ ಅಲ್ಲ. ದನದ ಡಾಕ್ಟರೇ ಹೇಳುತ್ತಿದ್ದೇನೆ, ಕೇಳಿ. ದನ ಮೆಲುಕು ಹಾಕುತ್ತದೆ, ತಿಂದದ್ದು ಬಾಯಿಗೆ ವಾಪಸು ಬರುತ್ತದೆ. ಕುದುರೆಗೆ ವಾಂತಿಯೂ ಬರುವುದಿಲ್ಲ. ಗಂಟಲಿಂದ ಹೊಟ್ಟೆಗೆ ಇಳಿಯುವ ಕಡೆ ಅಷ್ಟು ಬಿಗಿ. ಅಷ್ಟು ದೊಡ್ಡ ಮೈಗೆ ಜಠರ ಮಾತ್ರ ಸಣ್ಣದು, 8ರಿಂದ 15 ಲೀಟರ್ ಅಷ್ಟೇ. ಹುಲ್ಲು ಹುಳಿಯುವ ಕೆಲಸವೆಲ್ಲ ಹಿಂದೆ, ದೊಡ್ಡ ಕರುಳಿನಲ್ಲಿ. ಆ ಕರುಳು ಹೊಟ್ಟೆಯೊಳಗೆ ಗಟ್ಟಿಯಾಗಿ ಅಂಟಿಕೊಂಡಿಲ್ಲ, ಗಾಳಿ ತುಂಬಿದರೆ ಸುತ್ತಿಕೊಳ್ಳಬಹುದು. ಇದಕ್ಕೇ ಕುದುರೆಯ ಹೊಟ್ಟೆಶೂಲೆ ಅಂದರೆ ನಮಗೆ ಎದೆ ಝಲ್ಲೆನ್ನುವುದು.

ದನದ ಮೇವಿನದೂ ಹೀಗೇ. ದನ, ಕೋಳಿಯ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಅಂತ ಒಂದು ವಸ್ತು ಬೆರೆಸಿರುತ್ತಾರೆ. ದನಕ್ಕೆ ಅದು ಒಳ್ಳೆಯದು. ಕುದುರೆಗೆ ಸ್ವಲ್ಪವೇ ಸಾಕು, ಹೃದಯದ ಸ್ನಾಯು ಹಾಳಾಗುತ್ತದೆ. "ನಮ್ಮ ಹಸುಗೆ ಕೊಡ್ತೀವಿ, ಮೈ ತುಂಬ್ಕೊಂಡಿದೆ, ನೀವೂ ಕೊಡಿ" ಅನ್ನುವ ಪಕ್ಕದ ಮನೆಯವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಪ್ರಾಣಿ ಮಾತ್ರ ಬೇರೆ. ನಿಮ್ಮ ಅಜ್ಜಂದಿರ ಹುರುಳಿಯೇ ಎಷ್ಟೋ ವಾಸಿ. ಅದೂ ನೆನೆಸಿ, ಲೆಕ್ಕದಲ್ಲಿ, ಹುಲ್ಲು ಮೊದಲು ಕಾಳು ಆಮೇಲೆ.

ಈಗ ನನ್ನದೊಂದು ತಪ್ಪು ಹೇಳಬೇಕು. ಸುಮ್ನೆ ನಿಮ್ಮನ್ನೇ ಬೈಯುತ್ತಾ ನಿಂತರೆ ಸರಿಯಲ್ಲ.

ಬಹಳ ವರ್ಷ ಆಯಿತು. ನಾನು ನೆಂಟರ ಮನೆಯ ಮದುವೆಯಲ್ಲಿದ್ದೆ. ಎಲೆ ಹಾಕಿದ್ದರು, ಊಟಕ್ಕೆ ಕೂತಿದ್ದೆ. ಫೋನ್ ಬಂತು. ಮೆರವಣಿಗೆ ಕುದುರೆ, ಸಾಯಂಕಾಲದಿಂದ ಹೊಟ್ಟೆನೋವು, ನೆಲ ಕೆರೆಯುತ್ತಿದೆ, ಪಕ್ಕೆ ತಿರುಗಿ ನೋಡಿಕೊಳ್ಳುತ್ತಿದೆ. ನಲವತ್ತು ಕಿಲೋಮೀಟರ್ ದೂರದ ಊರು. ನಾನು ಹೆಚ್ಚು ಕೇಳಲಿಲ್ಲ. ನೋವಿನ ಇಂಜೆಕ್ಷನ್ನಿನ ಹೆಸರು ಹೇಳಿದೆ. ಅಲ್ಲಿದ್ದ ಒಬ್ಬರು ಹಾಕಿದರು. ಅರ್ಧ ಗಂಟೆಯಲ್ಲಿ ಕುದುರೆ ಸುಮ್ಮನಾಯಿತು. "ಸರಿ ಹೋಯ್ತು ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ" ಅಂತ ಫೋನ್ ಬಂತು. ಪಾಯಸ ಹಾಕಿಸಿಕೊಂಡೆ.

ಬೆಳಗಿನ ಜಾವ ಮೂರಕ್ಕೆ ಮತ್ತೆ ಫೋನ್. ನಾನು ಹೋಗುವಷ್ಟರಲ್ಲಿ ಒಸಡು ನೇರಳೆ ಬಣ್ಣಕ್ಕೆ ತಿರುಗಿತ್ತು. ತಣ್ಣನೆಯ ಬೆವರು. ನಾಡಿ ನಿಮಿಷಕ್ಕೆ ಎಂಬತ್ತು ದಾಟಿತ್ತು. ಕರುಳು ಸುತ್ತಿಕೊಂಡಿತ್ತು. ಇಂಜೆಕ್ಷನ್ ನೋವನ್ನು ಮುಚ್ಚಿತ್ತು, ರೋಗವನ್ನಲ್ಲ. ಆ ಎಂಟು ಗಂಟೆ ನಾವೆಲ್ಲ ನೆಮ್ಮದಿಯಾಗಿದ್ದೆವು. ಕುದುರೆ ಉಳಿಯಲಿಲ್ಲ. ಆ ರಾತ್ರಿಯೇ ಹೋಗಿದ್ದರೂ ಉಳಿಯುತ್ತಿರಲಿಲ್ಲವೇನೋ. ಆದರೆ ಹೋಗದೇ ಇದ್ದದ್ದು ನಾನು.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಕುದುರೆ ಸುಮ್ಮನಾದ ಖುಷಿಯಲ್ಲಿ ಆ ಮನೆಯವರು ಹತ್ತು ಜನಕ್ಕೆ ಹೇಳಿದ್ದರು, ಈ ಇಂಜೆಕ್ಷನ್ ಹಾಕಿದರೆ ಅರ್ಧ ಗಂಟೆಯಲ್ಲಿ ಗುಣ ಅಂತ. ಸತ್ತ ಸುದ್ದಿಯನ್ನು ಯಾರೂ ಹಾಗೆ ಹತ್ತು ಜನಕ್ಕೆ ಹೇಳುವುದಿಲ್ಲವಲ್ಲ. ಎರಡು ವರ್ಷದ ಮೇಲೆ ಬೇರೆ ಜಿಲ್ಲೆಯವರೊಬ್ಬರು ನನಗೇ ಆ ಇಂಜೆಕ್ಷನ್ ಸಲಹೆ ಕೊಟ್ಟರು. ಮೈಸೂರಿನ ಒಬ್ಬ ದೊಡ್ಡ ಡಾಕ್ಟರು ಹೇಳಿದ್ದಂತೆ! ಆ ದೊಡ್ಡ ಡಾಕ್ಟರು ನಾನೇ.

ಸಲಹೆ ಹೀಗೇ ಊರು ಸುತ್ತುವುದು. ಅದರ ತಲೆಯೂ ಇರುವುದಿಲ್ಲ, ಬಾಲವೂ ಇರುವುದಿಲ್ಲ. ಕುದುರೆಗೆ ಏನಾಗಿತ್ತು, ಏನು ನೋಡಿದರು ಅನ್ನುವುದು ತಲೆ. ಕೊನೆಗೆ ಏನಾಯಿತು ಅನ್ನುವುದು ಬಾಲ. ನಡುವಿನ ಔಷಧಿಯ ಹೆಸರೊಂದೇ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಪುಕ್ಕಟೆ ಸಲಹೆಯ ಹಲ್ಲನ್ನು ಮಾತ್ರ ಎಣಿಸಲೇಬೇಕು.

ಹಾಗಾದರೆ ಕೇಳುವವರು ಏನು ಹೇಳಬೇಕು? ಮುಖದ ಫೋಟೋ ಬೇಡ. ಲದ್ದಿ ಯಾವಾಗ ಹಾಕಿತು, ಎಷ್ಟು, ಗಟ್ಟಿಯೋ ನೀರೋ, ಅದು ಮೊದಲು. ಆಮೇಲೆ ಮೂರು ಲೆಕ್ಕ. ಜ್ವರ ನೋಡುವ ಕಡ್ಡಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಬಾಲದ ಬುಡದಲ್ಲಿ, ಗುದದೊಳಗೆ ಇಟ್ಟು ನೋಡಬೇಕು, ಹಿಂದೆ ನಿಲ್ಲದೆ ಪಕ್ಕಕ್ಕೆ ನಿಂತು. ದೊಡ್ಡ ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ನಾಡಿ ಕೆಳದವಡೆಯ ಮೂಳೆಯ ಒಳಬದಿಯಲ್ಲಿ ಬೆರಳಿಗೆ ಸಿಗುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಅರವತ್ತು ದಾಟಿ ಅಲ್ಲೇ ನಿಂತಿದ್ದರೆ ಮೆಸೇಜು ಟೈಪ್ ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಉಸಿರು 8ರಿಂದ 16, ಪಕ್ಕೆ ಏರಿಳಿಯುವುದನ್ನು ನೋಡಿದರೆ ಗೊತ್ತಾಗುತ್ತದೆ. ತುಟಿ ಎತ್ತಿ ಒಸಡನ್ನು ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾದದ್ದು ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಇನ್ನೊಂದು, ಪಕ್ಕೆಗೆ ಕಿವಿ ಇಟ್ಟು ಕೇಳಿ. ಗುಡುಗುಡು ಸದ್ದು ಇದ್ದರೆ ಒಳ್ಳೆಯದು. ಎರಡು ಕಡೆಯೂ ನಿಶ್ಶಬ್ದ ಅಂದರೆ ನನಗೆ ಭಯ.

ಇದಕ್ಕೆಲ್ಲ ಐದು ನಿಮಿಷ ಸಾಕು. ಕಾಯಿಲೆ ಬಂದ ದಿನ ಮೊದಲ ಸಲ ಮಾಡಲು ಹೋಗಬೇಡಿ. ಚೆನ್ನಾಗಿರುವಾಗ ಒಂದು ವಾರ ಎಣಿಸಿ ಲಾಯದ ಗೋಡೆಗೆ ಬರೆದಿಡಿ. ನಿಮ್ಮ ಕುದುರೆಯದು ಯಾವಾಗಲೂ 36 ಅಂತ ಗೊತ್ತಿದ್ದರೆ, ಇವತ್ತಿನ 52ಕ್ಕೆ ಅರ್ಥ ಬರುತ್ತದೆ.

ಅಂದ ಹಾಗೆ, ಮೆಸೇಜು ಹಾಕುವುದು ಯಾರು? ಮಾಲೀಕ. ಕುದುರೆ ಗೊತ್ತಿರುವುದು ಯಾರಿಗೆ? ಸೈಸ್‌ಗೆ, ಕುದುರೆ ನೋಡಿಕೊಳ್ಳುವ ಆಳಿಗೆ. ದಿನಾ ಮಾಲೀಶು ಮಾಡುವವನು, ಲದ್ದಿ ಬಾಚುವವನು, ರಾತ್ರಿ ಅಲ್ಲೇ ಮಲಗುವವನು ಅವನು. ಒಮ್ಮೆ ಒಂದು ತೋಟದಲ್ಲಿ ಮಾಲೀಕರು ಇಂಗ್ಲಿಷಿನಲ್ಲಿ ಅರ್ಧ ಗಂಟೆ ರೋಗದ ವಿವರಣೆ ಕೊಟ್ಟರು. ಎಲ್ಲ ಮೊಬೈಲಿನಲ್ಲಿ ಓದಿದ್ದು. ಬಾಗಿಲಲ್ಲಿ ನಿಂತಿದ್ದ ಹುಡುಗ ಮೆಲ್ಲಗೆ ಅಂದ, "ಮೊನ್ನೆಯಿಂದ ನೀರಿನ ತೊಟ್ಟಿ ಕಡೆ ಹೋಗ್ತಾನೇ ಇಲ್ಲ ಸಾರ್, ತೊಟ್ಟೀಲಿ ಇಲಿ ಸತ್ತಿತ್ತು, ನಾನ್ ತೆಗೆದೆ, ಆದ್ರೂ ಮೂಸಿ ವಾಪಸ್ ಬರುತ್ತೆ." ಮುಗೀತಲ್ಲ! ಕುದುರೆ ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಕುಡಿಯದಿದ್ದರೆ ಒಣಹುಲ್ಲು ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಆ ಹುಡುಗನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಹೊರದೇಶದ ವೀಡಿಯೋಗಳ ಬಗ್ಗೆ ಒಂದು ಮಾತು. ಒಳ್ಳೆಯವು ಬೇಕಾದಷ್ಟಿವೆ, ನಾನೂ ನೋಡುತ್ತೇನೆ. ಆದರೆ ಅವರ ಕುದುರೆ 500 ಕಿಲೋ. ನಿಮ್ಮ ಟಾಂಗಾದ್ದು ಎಷ್ಟು? ತೂಕದ ಯಂತ್ರ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ತಗೊಳ್ಳಿ. ಅದನ್ನು ಅದರಿಂದಲೇ ಗುಣಿಸಿ. ಭುಜದ ಮೂಳೆಯ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ. ಬಂದದ್ದನ್ನು 11,880ರಿಂದ ಭಾಗಿಸಿದರೆ ಹೆಚ್ಚು ಕಡಿಮೆ ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 160, ಉದ್ದ 150 ಇದ್ದರೆ ಸುಮಾರು 323 ಕಿಲೋ. ಅವರ ಅಳತೆಯ ಔಷಧಿಯನ್ನು ಇದಕ್ಕೆ ಪೂರ್ತಿ ಕೊಟ್ಟರೆ ಒಂದೂವರೆ ಪಟ್ಟು ಆಗುತ್ತದೆ. ಅವರ ಚಿಂತೆಗಳೂ ಬೇರೆ. ಚಳಿಗೆ ಯಾವ ಕಂಬಳಿ ಹೊದಿಸಲಿ ಅಂತ ಅವರು ಕೇಳುತ್ತಾರೆ. ನಮ್ಮ ಕರಾವಳಿಗೆ ಬಂದ ರೇಸ್ ಕುದುರೆಗೆ ಸೆಕೆಯಲ್ಲಿ ಬೆವರೇ ನಿಂತುಹೋಗಬಹುದು, ಮೈ ಕಾದು ಏದುಸಿರು ಬಿಡುತ್ತದೆ. ಅದಕ್ಕೆ ಉತ್ತರ ನೆರಳು, ನೀರು, ಫ್ಯಾನು. ಕಂಬಳಿಯ ವೀಡಿಯೋ ಅಲ್ಲ.

ನೋವಿನ ಔಷಧಿ ಅಂದೆನಲ್ಲ, ಅದಕ್ಕೊಂದು ಸೇರಿಸುತ್ತೇನೆ. ಡೈಕ್ಲೋಫಿನ್ಯಾಕ್ ಅನ್ನು ಪ್ರಾಣಿಗಳಿಗೆ ಬಳಸಬಾರದು ಅಂತ 2006ರಲ್ಲೇ ನಿಷೇಧ ಆಗಿದೆ. ಆ ಔಷಧಿ ಹಾಕಿದ ಪ್ರಾಣಿ ಸತ್ತು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫಿನ್ಯಾಕ್ ಕೂಡ ನಿಷೇಧವಾದವು. ರಣಹದ್ದು ಎಲ್ಲೋ ಹಿಮಾಲಯದಲ್ಲಿ ಇಲ್ಲ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ರಾಮದೇವರ ಬೆಟ್ಟ ಇದೆಯಲ್ಲ, 2012ರಿಂದ ಅದು ರಣಹದ್ದುಗಳ ಧಾಮ. ಹಳೇ ಚೀಟಿ ನೋಡಿ "ಡೈಕ್ಲೋ ಹಾಕಿ" ಅಂತ ಇವತ್ತಿಗೂ ಹೇಳುವವರಿದ್ದಾರೆ. ಹೇಳಬೇಡಿ.

ಒಂದು ಹಳೇ ಕಥೆ ಇದೆ. ಹದಿಮೂರನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಪಾಂಡ್ಯರ ಸೀಮೆಯ ಕುದುರೆಗಳ ಬಗ್ಗೆ ಬರೆದಿದ್ದಾನೆ. ಹೊರ್ಮುಜ್, ಅರಬ್ ಕಡೆಯಿಂದ ಹಡಗಿನಲ್ಲಿ ಕುದುರೆ ಬರುತ್ತಿತ್ತು. ದೊರೆ ವರ್ಷಕ್ಕೆ ಎರಡು ಸಾವಿರಕ್ಕೂ ಮೇಲೆ ಕೊಳ್ಳುತ್ತಿದ್ದನಂತೆ, ವರ್ಷ ಮುಗಿಯುವಾಗ ನೂರು ಉಳಿದರೆ ಹೆಚ್ಚು. ಸಾಕುವುದು ಗೊತ್ತಿರಲಿಲ್ಲ, ಅನ್ನದ ಜೊತೆ ಮಾಂಸ ಬೇಯಿಸಿ ತಿನ್ನಿಸುತ್ತಿದ್ದರು ಅನ್ನುತ್ತಾನೆ ಆತ. ಅವನ ಮಾತನ್ನೆಲ್ಲ ನಂಬಬೇಕಾಗಿಲ್ಲ. ಆದರೆ ಅವನು ಹೇಳುವ ಒಂದು ವಿಷಯ ನನಗೆ ಮರೆಯುವುದಿಲ್ಲ. ಕುದುರೆ ಮಾರುವ ವ್ಯಾಪಾರಿಗಳು ಲಾಳ ಹೊಡೆಯುವವರನ್ನು ಜೊತೆಗೆ ತರುತ್ತಿರಲಿಲ್ಲವಂತೆ, ಬರುವವರನ್ನೂ ತಡೆಯುತ್ತಿದ್ದರಂತೆ. ಕುದುರೆ ಸತ್ತಷ್ಟೂ ವ್ಯಾಪಾರ! ನಮ್ಮ ಭಟ್ಕಳಕ್ಕೂ ಆಮೇಲೆ ವಿಜಯನಗರದ ಕಾಲದಲ್ಲಿ ಅರಬ್ ಕುದುರೆ ಇಳಿಯುತ್ತಿತ್ತು.

ಅವತ್ತು ಗೊತ್ತಿದ್ದವರು ಬಾಯಿ ಬಿಡುತ್ತಿರಲಿಲ್ಲ. ಇವತ್ತು ಗೊತ್ತಿಲ್ಲದವರೂ ಬಿಡುತ್ತಾರೆ. ನನ್ನನ್ನು ಕೇಳಿದರೆ ಇವತ್ತಿನದೇ ವಾಸಿ, ಸ್ವಲ್ಪ ತಿದ್ದಿಕೊಂಡರೆ.

ಹೇಳುವವರು ಏನು ಮಾಡಬಹುದು? ಮೊದಲ ಉತ್ತರ ಔಷಧಿಯ ಹೆಸರಾಗದೆ ಪ್ರಶ್ನೆಯಾಗಲಿ. ನಿಮ್ಮ ಕುದುರೆಗೆ ಆಗಿದ್ದನ್ನು ಹೇಳುವಾಗ ಅದರ ವಯಸ್ಸು, ಕೆಲಸ, ಮೇವು ಹೇಳಿ. ಡಾಕ್ಟರು ಬಂದಿದ್ದರಾ, ಇಲ್ಲವಾ ಹೇಳಿ. ಹದಿನೈದು ದಿನ ಬಿಟ್ಟು ಏನಾಯಿತು ಅಂತ ಮತ್ತೆ ಒಂದು ಮೆಸೇಜು ಹಾಕಿ, ಸತ್ತಿದ್ದರೂ ಹಾಕಿ. ನಾನು ದನದ ಡಾಕ್ಟರು ಅಂತ ಶುರುವಿನಲ್ಲೇ ಹೇಳಿದ್ದು ಇದಕ್ಕೇ. ಗೊರಸಿನ ವಿಷಯದಲ್ಲಿ ನನಗಿಂತ ಇಲ್ಲಿ ಮುಂದೆ ಕೂತಿರುವ, ಲಾಳ ಹೊಡೆಯುವ ನಾಲ್ಬಂದ್ ಸಾಬ್ರಿಗೆ ಜಾಸ್ತಿ ಗೊತ್ತು. ಅವರು ಹೇಳಿದರೆ ನಾನು ಕೇಳುತ್ತೇನೆ.

ಯಾರನ್ನೂ ಕೇಳುತ್ತಾ ಕೂರಬಾರದ ಕಾಯಿಲೆಯೂ ಇದೆ. ಮೂಗಿನಿಂದ ಅಂಟಂಟು ಹಳದಿ ಸಿಂಬಳ, ಮೈ ಮೇಲೆ ಸಾಲು ಸಾಲು ಗಂಟು ಒಡೆದು ಹುಣ್ಣು, ಜ್ವರ. ಗ್ಲಾಂಡರ್ಸ್ ಇರಬಹುದು. ಮನುಷ್ಯರಿಗೂ ಹರಡುತ್ತದೆ, ಕೊಲ್ಲುತ್ತದೆ. ಆ ಕುದುರೆಯನ್ನು ಬೇರೆ ಲಾಯಕ್ಕೆ ಕರೆದೊಯ್ಯಬೇಡಿ, ಅದರ ಬಕೆಟ್ ಬೇರೆಯದಕ್ಕೆ ಇಡಬೇಡಿ, ಮೂಗು ಒರೆಸಿ ಫೋಟೋ ತೆಗೆಯಲು ಹೋಗಬೇಡಿ. ಪಶುಪಾಲನೆ ಇಲಾಖೆಗೆ ತಿಳಿಸಬೇಕು, ಅದು ಕಾನೂನು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ಮನೆಮದ್ದು ಇಲ್ಲ. ಡಾಕ್ಟರ ನಂಬರ್ ಇಲ್ಲದವರು 1962ಕ್ಕೆ ಫೋನ್ ಮಾಡಿ, ಪಶು ಆಂಬ್ಯುಲೆನ್ಸಿನ ನಂಬರ್ ಅದು.

ಮಾತು ಮುಗಿಸಿ ಕೆಳಗಿಳಿದಾಗ ಒಬ್ಬ ಹುಡುಗ ಮೊಬೈಲ್ ಹಿಡಿದು ಬಂದ. ವೀಡಿಯೋ. ಕುದುರೆ ಮುಂದಿನ ಎಡಗಾಲು ಊರುತ್ತಿಲ್ಲ.

"ಯಾವಾಗಿಂದ?"

"ನಿನ್ನೆ ಸಾಯಂಕಾಲದಿಂದ ಸಾರ್. ನಿನ್ನೆ ಬೆಳಿಗ್ಗೆ ಹೊಸ ಲಾಳ ಹೊಡೆಸಿದ್ವಿ. ಆ ಗೊರಸು ಮಾತ್ರ ಬಿಸಿ ಇದೆ, ಮುಟ್ಟಿ ನೋಡ್ದೆ. ಜ್ವರ ಇಲ್ಲ, ನೂರು. ನಾಡಿ ನಲವತ್ತೆಂಟು. ಲದ್ದಿ ಹಾಕಿದೆ."

ನಾಲ್ಬಂದ್ ಸಾಬ್ರನ್ನು ಕರೆದೆ. ಅವರು ವೀಡಿಯೋ ಎರಡು ಸಲ ನೋಡಿ, ಮೊಳೆ ಒಳಗಡೆ ಜೀವ ಇರೋ ಕಡೆಗೆ ಹೋಗಿದೆ, ಒಂದೊಂದೇ ಮೊಳೆ ತೆಗೆದು ನೋಡಬೇಕು, ಈಗಲೇ ಬರ್ತೀನಿ ಅಂದರು. ಚೀಲ ಹೆಗಲಿಗೆ ಹಾಕಿಕೊಂಡೇ ಬಿಟ್ಟರು. ನನಗೆ ಕೇಳುವುದು ಒಂದೇ ಉಳಿದಿತ್ತು.

"ಧನುರ್ವಾಯು ಇಂಜೆಕ್ಷನ್ ಕೊನೇ ಸಲ ಯಾವಾಗ ಹಾಕಿಸಿದ್ದು?"

ಹುಡುಗ ಮೊಬೈಲ್ ನೋಡಿದ, ಸಾಬ್ರನ್ನು ನೋಡಿದ, ಆಮೇಲೆ ಯಾರಿಗೋ ಫೋನ್ ಹಚ್ಚಿದ. "ಅಪ್ಪಾ, ನಮ್ ಸೈಸ್ ಅಲ್ಲೇ ಇದಾನಾ? ಅವನಿಗೆ ಕೊಡು."